ಅಕ್ಷರ ಅವೇ ಅದಾವು, ಜಾಗಾ ಬ್ಯಾರೆ

📍 ಭಾಗ 1/5: ರೋಣ

ಮೊದಲ ಫೋಟೋ ನೋಡಿ ‘ಇದೇನ್ ಕಲ್ಲಿನ ಫೋಟೋ ಹಾಕ್ಯಾಳ ಈಕಿ’ ಅನ್ನಬ್ಯಾಡ್ರಿ. ನಮ್ಮೂರಿನ ಕಿಲೋಮೀಟರ್ ಕಲ್ಲು ಅದು. ಒಂದು ಮಗ್ಗಲ ಕನ್ನಡದಾಗ ರೋಣ, ಇನ್ನೊಂದು ಮಗ್ಗಲ ಇಂಗ್ಲಿಷಿನಾಗ ಆರ್, ಓ, ಎನ್. ಮೂರೇ ಅಕ್ಷರ. ಕರ್ನಾಟಕದಾಗ ಇಷ್ಟು ಸಣ್ಣ ಹೆಸರಿನ ತಾಲೂಕು ಕೇಂದ್ರ ಎಷ್ಟು ಇರಬಹುದು, ನೀವೇ ಎಣಿಸಿ ನೋಡ್ರಿ.

ಈ ಸರಣಿಯಲ್ಲಿ ಒಂದು ಹಠ ಹಿಡಿದೀನಿ. ಮಾತೆಲ್ಲಾ ಇಂಗ್ಲಿಷ್ ಪದಗಳ ಬಗ್ಗೆ, ಆದರೆ ಒಂದೂ ಇಂಗ್ಲಿಷ್ ಅಕ್ಷರ ಬಳಸೂದಿಲ್ಲ. ಓದಲಿಕ್ಕೆ ಸ್ವಲ್ಪ ತ್ರಾಸ ಆಗಬಹುದು. ತಡಕೊಳ್ರಿ, ಐದೇ ಭಾಗ.

ನಾನು ಬಿಕಾಂ ಮೂರನೇ ವರ್ಷ. ಹತ್ತನೇತ್ತ ತನಕ ಕನ್ನಡ ಮಾಧ್ಯಮ. ಈಗ ಕಾಲೇಜಿನ ಜೊತೆಗೇ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ತಯಾರಿ. ತಯಾರಿ ನಡೆಸಿದವರಿಗೆ ಗೊತ್ತೇ ಐತಿ: ಪ್ರಿಲಿಮ್ಸ್‌ನಲ್ಲಿ 100 ಪ್ರಶ್ನೆ, 60 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. 2021ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವಾಲಯದವರು ಕ್ಲರ್ಕ್ ಪರೀಕ್ಷೆಯನ್ನ ಇಂಗ್ಲಿಷ್, ಹಿಂದಿ ಜೊತೆಗೆ 13 ಪ್ರಾದೇಶಿಕ ಭಾಷೆಯಲ್ಲೂ ನಡೆಸಬೇಕು ಅಂದರು. ಅದರಾಗ ಕನ್ನಡನೂ ಐತಿ. ಅವತ್ತು ನಮ್ಮಂಥವರಿಗೆ ದೊಡ್ಡ ಖುಷಿ. ಆದರೆ ಮಾಕ್ ಟೆಸ್ಟ್ ಬರೆಯೋಕೆ ಕುಂತಾಗ ರೀಸನಿಂಗ್ ವಿಭಾಗದಲ್ಲಿ ಒಂದು ಪ್ರಶ್ನೆ ಎದುರಿಗೆ ನಿಂತಿತು:

‘ಟಿ, ಎ, ಇ, ಎಂ. ಈ ನಾಲ್ಕು ಅಕ್ಷರಗಳನ್ನು ಒಂದೊಂದು ಸಲ ಮಾತ್ರ ಬಳಸಿ ಎಷ್ಟು ಅರ್ಥಪೂರ್ಣ ಇಂಗ್ಲಿಷ್ ಪದ ಮಾಡಬಹುದು? ಒಂದೂ ಇಲ್ಲ, ಒಂದು, ಎರಡು, ಮೂರು, ಮೂರಕ್ಕಿಂತ ಹೆಚ್ಚು.’

ರೀಸನಿಂಗ್ ಅಂದ್ರ ತಲಿ ಓಡಿಸೂದು. ತಲಿ ಓಡಿಸಿದೆ. ಟೀಮ್ ಸಿಕ್ತು. ಮೀಟ್, ಅಂದ್ರ ಮಾಂಸ, ಸಿಕ್ತು. ‘ಎರಡು’ ಅಂತ ಒತ್ತಿ ಮುಂದೆ ಹೋದೆ. ಸರಿ ಉತ್ತರ ‘ಮೂರಕ್ಕಿಂತ ಹೆಚ್ಚು’. ಮೇಟ್ ಬಿಟ್ಟಿದ್ದೆ. ದಿನಾ ‘ಕ್ಲಾಸ್‌ಮೇಟ್’ ಅಂತೀನಿ, ಅದು ತಲಿಗೇ ಬರಲಿಲ್ಲ. ಟೇಮ್, ಅಂದ್ರ ಪಳಗಿಸು, ಅದು ಗೊತ್ತೇ ಇರಲಿಲ್ಲ.

ತಲಿ ಓಡತೈತಿ. ಆದರೆ ಓಡಿ ಹೋಗಿ ತೆಗೆಯಬೇಕಾದ ಪೆಟ್ಟಿಗ್ಯಾಗ ಪದಾನೇ ಇಲ್ಲ. ಕಾಲು ಅಂಕ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಅವತ್ತು ಸಂಜಿ ಬಸ್‌ಸ್ಟ್ಯಾಂಡಿನಿಂದ ಮನಿಗೆ ಬರುವಾಗ ಈ ಕಲ್ಲು ಕಂಡಿತು. ನಿಂತು ನೋಡಿದೆ. ಮೂರು ಅಕ್ಷರವನ್ನ ಆರು ಥರಾ ಜೋಡಿಸಬಹುದು. ಆರರಲ್ಲಿ ನಮ್ಮೂರು ಬಿಟ್ಟರೆ ಅರ್ಥ ಬರೋದು ಒಂದೇ: ನಾರ್. ‘ಅದೂ ಅಲ್ಲ, ಇದೂ ಅಲ್ಲ’ ಅನ್ನುವಾಗ ಬರುವ ನಾರ್. ಎರಡೇ ಅಕ್ಷರ ತೆಗೆದುಕೊಂಡರೆ ನೋ ಐತಿ, ಆನ್ ಐತಿ, ‘ಅಥವಾ’ ಅನ್ನುವ ಆರ್ ಐತಿ. ಇಪ್ಪತ್ತು ವರ್ಷ ಈ ಊರಾಗ ಇದ್ದು ಇದನ್ನ ನೋಡಿರಲಿಲ್ಲ.

ಅಲ್ಲಿಂದ ಹುಚ್ಚು ಹಿಡೀತು.

📍 ಭಾಗ 2/5: ಲೆಕ್ಕ

ಈ ಭಾಗ ತಯಾರಿ ನಡೆಸಿದವರಿಗೆ. ಸೇವ್ ಮಾಡಿ ಇಟ್ಕೊಳ್ರಿ.

ಕೊಟ್ಟ ಅಕ್ಷರದಿಂದ ಪದ ಹುಡುಕೋದು ಅಂದರೆ ಎಲ್ಲಾ ಜೋಡಣೆನೂ ಒಂದೊಂದಾಗಿ ಬರೆದು ನೋಡೋದಲ್ಲ. ನಾಲ್ಕು ಬೇರೆ ಬೇರೆ ಅಕ್ಷರ ಇದ್ದರೆ 24 ಜೋಡಣೆ, ಐದಿದ್ದರೆ 120. ಪರ್ಮ್ಯುಟೇಶನ್ ಪಾಠ ನೆನಪಿದ್ದರೆ ನರಗುಂದ ತಗೊಳ್ರಿ. ಇಂಗ್ಲಿಷಿನಾಗ ಏಳು ಅಕ್ಷರ, ಎನ್ ಎರಡು ಸಲ. 2,520 ಜೋಡಣೆ. ಗಜೇಂದ್ರಗಡ ಹನ್ನೊಂದು ಅಕ್ಷರ: ಎ ಮೂರು, ಜಿ ಎರಡು, ಡಿ ಎರಡು. ಲೆಕ್ಕ ಹಾಕಿದರೆ 16,63,200. ಬರಕೋತ ಕುಂತರೆ ಪರೀಕ್ಷೆ ಅಲ್ಲ, ವಯಸ್ಸೇ ಮುಗಿದು ಹೋಗತೈತಿ.

ಹಂಗಾರ ಏನ್ ಮಾಡಬೇಕು? ನಾನು ಮಾಡೋದು ಹೇಳ್ತೀನಿ.

ಒಂದು: ಸ್ವರ ಬೇರೆ ಇಡ್ರಿ. ಎ, ಇ, ಐ, ಓ, ಯು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಸ್ವರ ಕಡಿಮೆ ಇದ್ದಷ್ಟು ಕೆಲಸ ಹಗುರ.

ಎರಡು: ಜೋಡಿ ಹುಡುಕ್ರಿ. ಇಂಗ್ಲಿಷಿನಾಗ ಕೆಲವು ವ್ಯಂಜನ ಅಣ್ಣತಮ್ಮರ ಥರ ಒಟ್ಟಿಗೇ ಓಡಾಡತಾವು. ಜಿ-ಆರ್, ಡಿ-ಆರ್, ಎಸ್-ಟಿ, ಟಿ-ಆರ್ ಪದದ ಮುಂದೆ ನಿಲ್ಲತಾವು. ಎನ್-ಡಿ, ಎನ್-ಜಿ ಹಿಂದೆ ನಿಲ್ಲತಾವು. ಎನ್-ಜಿ ಮುಂದೆ ಇಟ್ಟು ಹುಡುಕಿದರೆ ಟೈಮ್ ದಂಡ.

ಮೂರು: ಬಾಲ ನೋಡ್ರಿ. ಇ-ಡಿ ಇದ್ದರೆ ಆಗಿ ಹೋದ ಕ್ರಿಯೆ, ಇ-ಆರ್ ಇದ್ದರೆ ಮಾಡೋನು, ಎಸ್ ಇದ್ದರೆ ಬಹುವಚನ. ಬಾಲ ಕಳಚಿ ಪಕ್ಕಕ್ಕಿಟ್ಟರೆ ಉಳಿದ ಅಕ್ಷರ ನಾಲ್ಕೋ ಐದೋ.

ನಾಲ್ಕು, ಇದು ಕಂಪ್ಯೂಟರ್ ಮಾಡುವ ಯುಕ್ತಿ: ಪದದ ಅಕ್ಷರಗಳನ್ನ ವರ್ಣಮಾಲೆ ಕ್ರಮದಾಗ ನಿಲ್ಲಿಸ್ರಿ. ‘ಗಾರ್ಡನ್’ ಆ ಕ್ರಮದಾಗ ಎ, ಡಿ, ಇ, ಜಿ, ಎನ್, ಆರ್ ಆಗತೈತಿ. ‘ಡೇಂಜರ್’ ನಿಲ್ಲಿಸಿದರೂ ಅದೇ ಸಾಲು. ಡಿಕ್ಷನರಿಯ ಎಲ್ಲಾ ಪದಕ್ಕೂ ಒಂದು ಸಲ ಹಿಂಗ ಮಾಡಿ ಇಟ್ಟರೆ, ಒಂದೇ ಸಾಲಿನವು ತಾವೇ ಒಂದು ಗುಂಪಿಗೆ ಬಂದು ಬೀಳತಾವು. ಲಕ್ಷಗಟ್ಟಲೆ ಜೋಡಣೆ ಮಾಡುವ ಕೆಲಸಾನೇ ಇಲ್ಲ. ಹಾಜರಿ ಪುಸ್ತಕದಾಗ ಹೆಸರು ಹುಡುಕಿದಷ್ಟು ಸುಲಭ.

ಅಕ್ಷರ ಎಣಿಸಿ ಎಣಿಸಿನೇ ಒಬ್ಬ ಆಟ ಕಟ್ಟಿದ ಕತಿನೂ ಐತಿ. 1930ರ ದಶಕದಾಗ ಅಮೆರಿಕದಾಗ ಆಲ್‌ಫ್ರೆಡ್ ಬಟ್ಸ್ ಅಂತ ಒಬ್ಬ ಆರ್ಕಿಟೆಕ್ಟ್. ಮಹಾ ಮಂದಗತಿ ಕಾಲ, ಕೆಲಸ ಹೋಗಿತ್ತು. ಪೇಪರ್ ಇಟ್ಕೊಂಡು ಯಾವ ಅಕ್ಷರ ಎಷ್ಟು ಸಲ ಬರತೈತಿ ಅಂತ ಎಣಿಸಿದ. ಅದರಿಂದ ಹುಟ್ಟಿದ್ದು ಸ್ಕ್ರ್ಯಾಬಲ್. ಇಂಗ್ಲಿಷ್ ಪೆಟ್ಟಿಗ್ಯಾಗ 100 ಬಿಲ್ಲೆ, ಅದರಾಗ ಇ ಒಂದೇ 12. ಕ್ಯೂ ಒಂದೇ ಒಂದು, ಅದಕ್ಕೆ 10 ಅಂಕ. ಗಜೇಂದ್ರಗಡದಾಗಿನ ಜೆಗೆ 8 ಅಂಕ ಐತಿ ನೋಡ್ರಿ.

‘ಕನ್ನಡದಾಗ ಇದನ್ನ ಆಡಾಕ ಬರೂದಿಲ್ಲೇನು?’ ಅಂತ ಒಬ್ಬಾಕಿ ಕೇಳಿದ್ಲು. ಬರತೈತಿ, ಆದರೆ ನಮ್ಮ ಅಕ್ಷರ ಒಂಟಿ ಅಲ್ಲ. ಕಾಗುಣಿತ ಹೊತ್ತುಕೊಂಡು, ಒತ್ತು ಕಟ್ಟಿಕೊಂಡು ಬರತಾವು. ‘ದ್ರ’ ಅನ್ನೋದನ್ನ ಒಡದ್ರ ದ, ರ ಎರಡೂ ಬ್ಯಾರೆ ರೂಪ ತಗೋತಾವು. ಆದರೂ ನಮ್ಮ ಜಿಲ್ಲೆಗೆ ಒಂದು ಹೆಮ್ಮೆ ಐತಿ. ‘ಗದಗ’ ತಿರುಗಿಸಿ ಓದಿದರೂ ಗದಗ. ಇಂಗ್ಲಿಷಿನಾಗ ಬರೆದು ತಿರುಗಿಸಿದರೂ ಗದಗ. ಎರಡೂ ಲಿಪಿಯಾಗ ಹಿಂಗ ನಿಲ್ಲುವ ಜಿಲ್ಲೆ ಇನ್ನೊಂದಿದ್ದರೆ ಕಮೆಂಟ್‌ನಲ್ಲಿ ಹೇಳ್ರಿ.

📍 ಭಾಗ 3/5: ನರಗುಂದ

ನರಗುಂದದಾಗ ನಮ್ಮತ್ತಿ ಮನಿ. ಅತ್ತಿ ಮಗ ದಿನಾ ಬೆಳಿಗ್ಗೆ ನನಗೆ ಹಸಿರು-ಹಳದಿ ಚೌಕದ ಮೆಸೇಜ್ ಕಳಿಸ್ತಾನ. ವರ್ಡಲ್. ಐದಕ್ಷರದ ಪದ, ಆರು ಸಲ ಅವಕಾಶ. ಜಾಶ್ ವಾರ್ಡಲ್ ಅನ್ನೋನು ತನ್ನ ಸಂಗಾತಿಗಂತ ಮಾಡಿದ ಆಟ ಅದು. 2021ರ ಅಕ್ಟೋಬರ್‌ನಾಗ ಎಲ್ಲರಿಗೂ ಬಿಟ್ಟ, 2022ರ ಜನವರಿಯಾಗ ನ್ಯೂಯಾರ್ಕ್ ಟೈಮ್ಸ್‌ನವರು ಕೊಂಡುಕೊಂಡರು. ಅವ ಮೂರನೇ ಸಲಕ್ಕ ಮುಗಿಸ್ತಾನ. ನಾನು ಆರನೇ ಸಲಕ್ಕ, ಇಲ್ಲಾ ಅಂದ್ರ ಇಲ್ಲ. ಅವ ಇಂಗ್ಲಿಷ್ ಮೀಡಿಯಂ. ಇದನ್ನ ನಾನು ಹೇಳಲಿಲ್ಲ, ಅವನೇ ಹೇಳ್ತಾನ, ದಿನಾ.

ಪಂಚಮಿಗೆ ಹೋದಾಗ ಉಂಡಿ ತಿನ್ಕೋತ ಅವನಿಗೆ ಸವಾಲು ಹಾಕಿದೆ. ‘ನಿಮ್ಮೂರಿನ ಹೆಸರಿನಾಗ ಎಷ್ಟು ಪದಾ ಅದಾವು ಹೇಳು. ಐದು ನಿಮಿಷ.’

ಇಬ್ಬರೂ ಹಾಳಿ ತಗೊಂಡು ಕುಂತ್ವಿ. ರನ್, ರಂಗ್, ರ‍್ಯಾಂಗ್, ರಗ್, ಡ್ರ್ಯಾಗ್, ಡ್ರಗ್, ಡಂಗ್ (ಸಗಣಿ ರೀ, ನಾ ಬರದೆ, ಅವ ನಕ್ಕ), ಗಾರ್ಡ್, ಗ್ರ್ಯಾಂಡ್. ಮತ್ತ ಗನ್.

ಗನ್ ಬರೆದಾಗ ಮಾವ ಹಿಂದಿನಿಂದ ನೋಡಿ ಸುಮ್ಮನಾದರು. ಅವರ ಮುಂದ ನರಗುಂದದ ಮಾತು ತೆಗೆದರೆ ಇತಿಹಾಸ ಶುರು ಆಗತೈತಿ. 1858ರಾಗ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಎದ್ದ ಊರು. 1980ರ ಜುಲೈ 21ಕ್ಕ ರೈತ ಬಂಡಾಯದಾಗ ಗೋಲಿಬಾರ್ ಆದ ಊರು. ಮಲಪ್ರಭಾ ಕಾಲುವಿ ನೀರು ಸರಿಯಾಗಿ ಬರದಿದ್ದರೂ ಕರ ಕಟ್ಟು ಅಂದಿದ್ದಕ್ಕ ಎದ್ದವರು. ‘ಗನ್ ಹುಡುಕಿದಿ, ಚಲೋ ಆತು. ನೀರು ಹುಡುಕು ನೋಡೋಣ’ ಅಂದರು ಮಾವ.

ಹುಡುಕಿದೆ. ವಾಟರ್ ಬರೂದಿಲ್ಲ. ಡಬ್ಲ್ಯೂ ಇಲ್ಲ, ಟಿ ಇಲ್ಲ, ಇ ಇಲ್ಲ. ರೇನ್ ನೋಡಿದೆ. ಆರ್ ಐತಿ. ಎ ಐತಿ. ಎನ್ ಅಂತೂ ಎರಡು ಅದಾವು. ಐ ಒಂದು ಇಲ್ಲ.

‘ಒಂದ್ ಅಕ್ಷರ ಕಡಿಮಿ ಬಿತ್ರಿ ಮಾವಾ’ ಅಂದೆ.

‘ನಮ್ಮೂರಿಗೆ ಯಾವಾಗ್ಲೂ ಹಂಗ’ ಅಂದರು. 2015ರಿಂದ ಕಳಸಾ-ಬಂಡೂರಿಗೆ ವರ್ಷಗಟ್ಟಲೆ ಧರಣಿ ಕುಂತ ಊರಿನವರು ಅವರು. ನಾವು ಮೂವರೂ ನಕ್ವಿ. ಅತ್ತಿ ಒಳಗಿನಿಂದ ‘ಏನ್ ನಗ್ತೀರಿ, ನಳಾ ಬಂದೈತಿ, ಕೊಡಾ ಹಿಡೀರಿ’ ಅಂದ್ಲು.

ಆಟದಾಗ ಯಾರು ಗೆದ್ದರು ಅಂತೀರಿ? ನಾನು, ಎರಡು ಪದದಿಂದ. ಸಗಣಿ ಒಂದು ಅವನಿಗೆ ಹೊಳೆದಿರಲಿಲ್ಲ.

📍 ಭಾಗ 4/5: ಗಜೇಂದ್ರಗಡ

ಈ ಭಾಗ ಬರೆಯಾಕ ನಾಲ್ಕು ದಿನ ತಡಾ ಆತು. ಯಾಕ ಅಂತ ಓದಿದ ಮ್ಯಾಲೆ ಗೊತ್ತಾಗತೈತಿ.

ಗಜೇಂದ್ರಗಡ ನಮ್ಮವ್ವನ ತವರು. ಗುಡ್ಡದ ಮ್ಯಾಲೆ ಗಾಳಿಯಂತ್ರ, ಬೆಟ್ಟದ ಹೊಟ್ಟೆಯಾಗ ಕಾಲಕಾಲೇಶ್ವರ, ಓಣಿಯಾಗ ಮಗ್ಗದ ಸಪ್ಪಳ. ನಮ್ಮಜ್ಜ ಆದರೆ ನೇಕಾರ ಅಲ್ಲ. ಬೋರ್ಡ್ ಬರೀತಿದ್ದ. ಅಂಗಡಿ ಬೋರ್ಡ್, ಟ್ರ್ಯಾಕ್ಟರ್ ಹಿಂದಿನ ಹೆಸರು, ಶಾಲೆ ಗೋಡೆ, ಜಾತ್ರಿ ಬ್ಯಾನರ್. ಗಜೇಂದ್ರಗಡದಿಂದ ಸೂಡಿ, ನರೇಗಲ್ಲು, ರೋಣದ ತನಕ ಅವನ ಕೈಯಾಗಿನ ಅಕ್ಷರ ಇದ್ದವು. ನೂಲಿಗೆ ಸೀಮೆಸುಣ್ಣ ಹಚ್ಚಿ ಹಿಡಿದು ‘ಟಪ್’ ಅಂತ ಹೊಡೆದು ಗೆರಿ ಮೂಡಿಸೋನು. ಆ ಸಪ್ಪಳ ನನ್ನ ಬಾಲ್ಯದ ಸಪ್ಪಳ. ಕೆಲಸ ಮುಗಿದ ಮ್ಯಾಲೆ ಬೋರ್ಡಿನ ಮೂಲ್ಯಾಗ ಹೆಬ್ಬೆರಳಿನ ಉಗುರಿನಷ್ಟು ಆನಿ ಬಿಡಿಸೋನು. ಅದು ಅವನ ಸಹಿ.

ಅಜ್ಜ ಅಕ್ಷರಕ್ಕಿಷ್ಟು ಅಂತ ದುಡ್ಡು ತಗೋತಿದ್ದ. ‘ಗಜೇಂದ್ರಗಡ ಕನ್ನಡದಾಗ ಐದs ಅಕ್ಷರ ಯವ್ವಾ, ಇಂಗ್ಲಿಷಿನಾಗ ಹನ್ನೊಂದು. ರೋಣ ಎರಡು, ಅಲ್ಲಿ ಮೂರು. ಹಿಂಗಾಗಿ ಗಿರಾಕಿ ಇಂಗ್ಲಿಷಿನಾಗೂ ಬರೀ ಅಂದ್ರ ನನಗ ಹಬ್ಬ’ ಅಂತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಫ್ಲೆಕ್ಸಿಗೆ ಅಕ್ಷರ ಎಷ್ಟಿದ್ದರೂ ಚದರ ಅಡಿ ಲೆಕ್ಕ. ಅಜ್ಜನ ಹಬ್ಬ ಮುಗೀತು.

ಹುಚ್ಚು ಹಿಡಿದಿತ್ತಲ್ಲ, ಆ ಹನ್ನೊಂದು ಅಕ್ಷರದಾಗ ಹುಡುಕಾಕ ಕುಂತೆ. ಗ್ರೇಡ್. ಅಜೆಂಡಾ. ಜಾಗ್ಡ್. ಡ್ಯಾಗರ್. ರೀಡ್, ಅಂದ್ರ ಓದು. ಅರ್ನ್, ಅಂದ್ರ ದುಡಿ. ಗಾರ್ಡನ್ನೂ ಐತಿ, ಅದೇ ಅಕ್ಷರದ ಡೇಂಜರ್ರೂ ಐತಿ. ಕೊನೀಗೆ ಜಿ, ಆರ್, ಎ, ಎನ್, ಡಿ ಬರೆದೆ, ಇನ್ನೊಂದು ಎ ಉಳಿದಿತ್ತು, ಇನ್ನೊಂದು ಡಿ ಉಳಿದಿತ್ತು. ಗ್ರ್ಯಾಂಡ್ಯಾಡ್. ಅಜ್ಜ.

ಪೆನ್ನು ಕೆಳಗಿಟ್ಟೆ. ಖುಷಿಗಲ್ಲ.

ಈಗ ಹೇಳಬೇಕಾದದ್ದು ಹೇಳ್ತೀನಿ. ಎರಡು ತಿಂಗಳ ಹಿಂದೆ ನಮ್ಮ ಕ್ಲಾಸಿನ ಒಬ್ಬಾಕಿ ಸ್ಟೋರಿ ಹಾಕಿದ್ಲು. ರೋಣದ ಒಂದು ಹಳೇ ಅಂಗಡಿ ಬೋರ್ಡ್. ‘ಟೇಲರ್ಸ್’ ಅಂತ ಇಂಗ್ಲಿಷಿನಾಗ ಬರೀಬೇಕಾದಲ್ಲಿ ಐ ಮತ್ತು ಎಲ್ ಅದಲುಬದಲಾಗಿದ್ದವು. ‘ಟಾಲಿಯರ್ಸ್ 😂 ನಮ್ಮೂರ ಇಂಗ್ಲಿಷ್’ ಅಂತ ಬರೆದಿದ್ಲು. ಎಲ್ಲರೂ ನಗುವ ಎಮೋಜಿ ಒತ್ತಿದರು. ನಾನೂ ಒತ್ತಿದೆ. ಒತ್ತಿದ್ದಷ್ಟೇ ಅಲ್ಲ, ‘ಯಾವ ಪುಣ್ಯಾತ್ಮ ಬರದಾನೋ’ ಅಂತ ಕಮೆಂಟೂ ಹಾಕಿದೆ.

ಯಾವ ಪುಣ್ಯಾತ್ಮ ಅಂತ ನನಗೆ ಗೊತ್ತಿತ್ತು. ಬೋರ್ಡಿನ ಮೂಲ್ಯಾಗ ಆನಿ ಇತ್ತು.

📍 ಭಾಗ 5/5: ಮತ್ತೆ ರೋಣ

ಆ ಮಾಕ್ ಟೆಸ್ಟಿನ ಪ್ರಶ್ನೆ ಬಂದದ್ದು ಆ ಸ್ಟೋರಿ ಆಗಿ ಒಂದು ವಾರಕ್ಕ. ಅಕ್ಷರ ಎಲ್ಲಾ ಎದುರಿಗಿದ್ದವು, ನನಗೆ ಪದ ಕಾಣಲಿಲ್ಲ. ಅಜ್ಜನ ಎದುರಿಗೂ ಅಕ್ಷರ ಎಲ್ಲಾ ಇದ್ದವು. ನನ್ನ ತಪ್ಪು ಒಂದು ಪರದೆ ಮ್ಯಾಲೆ ಕಾಲು ಅಂಕ. ಅವನ ತಪ್ಪು ರಸ್ತೆ ಮ್ಯಾಲೆ, ಹದಿನೈದಕ್ಕೂ ಹೆಚ್ಚು ವರ್ಷದಿಂದ.

ಹೋದ ರವಿವಾರ ಗಜೇಂದ್ರಗಡಕ್ಕ ಹೋದೆ. ಅಜ್ಜನ ಕಣ್ಣಿನ ಪೊರಿ ಆಪರೇಶನ್ ಆಗೈತಿ, ಈಗ ಚಲೋ ಕಾಣತೈತಿ. ಫೋನಿನಾಗ ಬೋರ್ಡ್ ತೋರಿಸಿದೆ. ಮೊದಲು ಆನಿ ನೋಡಿ ಖುಷಿ ಆದ. ‘ಇನ್ನಾ ಬಣ್ಣಾ ಹೋಗಿಲ್ಲ ನೋಡು’ ಅಂದ.

‘ಅಜ್ಜಾ, ಇದರಾಗ ಒಂದು ತಪ್ಪೈತಿ’ ಅಂದೆ.

‘ಎಲ್ಲೆ?’

ತೋರಿಸಿದೆ. ಬಾಳ ಹೊತ್ತು ನೋಡಿದ. ‘ಚೀಟಿಯಾಗ ಹೆಂಗಿತ್ತೋ ಹಂಗ ಬರದೇನಿ. ನಾ ಓದಿ ಬರದಾಂವ ಅಲ್ಲ ಯವ್ವಾ, ನೋಡಿ ಬರದಾಂವ’ ಅಂದ. ಆಮೇಲೆ ಕೇಳಿದ, ‘ಮಂದಿ ನಗ್ತಾರೇನು?’

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ‘ನಾನೂ ನಕ್ಕೆ ಅಜ್ಜಾ. ನಿಂದು ಅಂತ ಗೊತ್ತಿದ್ದೂ ನಕ್ಕೆ.’

ಅವ ಏನೂ ಅನ್ನಲಿಲ್ಲ. ಎದ್ದು ಹೋಗಿ ಅಟ್ಟದ ಮ್ಯಾಲಿನ ಡಬ್ಬಿ ತೆಗಿ ಅಂದ. ಬ್ರಷ್ ಎಲ್ಲಾ ಗಟ್ಟಿಯಾಗಿದ್ದವು. ಒಂದನ್ನ ಸೀಮೆಎಣ್ಣಿಯಾಗ ನೆನೆ ಹಾಕಿದ. ಮರುದಿನ ಬೆಳಿಗ್ಗೆ ಇಬ್ಬರೂ ರೋಣದ ಬಸ್ಸು ಹತ್ತಿದ್ವಿ.

ಅಂಗಡಿಯವರಿಗೂ ಈಗ ವಯಸ್ಸಾಗೈತಿ. ‘ಇರಲಿ ಬಿಡ್ರಿ, ನನಗ ಹೊಲಿಯಾಕ ಬರತೈತಿ, ಅದನ್ನ ಓದಾಕ ಯಾರ್ ಬರ್ತಾರ’ ಅಂದರು. ಅಜ್ಜ ಕೇಳಲಿಲ್ಲ. ಸ್ಟೂಲ್ ತರಿಸಿದ. ನಾನು ಸ್ಟೂಲ್ ಹಿಡಿದು ನಿಂತೆ.

ಈಗ ನೀವು ಮನಸ್ಸಿನಾಗೇ ಆ ಬೋರ್ಡ್ ಬರೀರಿ, ದೊಡ್ಡ ಅಕ್ಷರದಾಗ. ಟಿ, ಎ, ಆಮೇಲೆ ತಪ್ಪಾಗಿ ಎಲ್, ಆಮೇಲೆ ಐ. ಎಲ್ ಅಂದ್ರ ಏನು? ನೆಟ್ಟಗ ಒಂದು ಗೆರಿ, ಕೆಳಗ ಒಂದು ಕಾಲು. ಐ ಅಂದ್ರ ಬರೀ ಗೆರಿ. ಅಜ್ಜ ಎಲ್ಲಿನ ಕಾಲಿನ ಮ್ಯಾಲೆ ಬೋರ್ಡಿನ ಹಳದಿ ಬಣ್ಣ ಬಳಿದ. ಅದು ಐ ಆತು. ಪಕ್ಕದ ಐಗೆ ಕಪ್ಪು ಬಣ್ಣದಾಗ ಒಂದು ಕಾಲು ಹಚ್ಚಿದ. ಅದು ಎಲ್ ಆತು. ಮುಗೀತು. ಹತ್ತು ನಿಮಿಷದ ಕೆಲಸ. ಒಂದರ ಕಾಲು ತಗದು ಇನ್ನೊಂದಕ್ಕ ಹಚ್ಚೂದಕ್ಕ ಇಷ್ಟು ವರ್ಷ ಬೇಕಾತು.

ಕೆಳಗಿಳಿದು ನಾಲ್ಕು ಹೆಜ್ಜಿ ಹಿಂದ ಸರಿದು ನೋಡಿದ. ಅವನಿಗೆ ಸಮಾಧಾನ ಆಗಲಿಲ್ಲ. ‘ಸಂದು ಸರಿ ಬಂದಿಲ್ಲ. ಇಲ್ಲಿ ಜಾಸ್ತಿ ಆಗೈತಿ, ಅಲ್ಲಿ ಇಕ್ಕಟ್ಟ ಆಗೈತಿ’ ಅಂದ. ಖರೇನೇ. ಕೊನೇ ಫೋಟೋ ದೊಡ್ಡದು ಮಾಡಿ ನೋಡ್ರಿ, ಐ ಆದ ಮ್ಯಾಲೆ ಒಂದು ಖಾಲಿ ಜಾಗ ಉಳಿದೈತಿ. ಹಳದಿ ಮ್ಯಾಲೆ ಹೊಸ ಹಳದಿ ಬ್ಯಾರೇನೇ ಕಾಣತೈತಿ. ತಿದ್ದಿದ್ದು ಗೊತ್ತಾಗತೈತಿ.

ಬಸ್ಸಿಗೆ ಕಾಯುವಾಗ ಅವನ ಕೈಯಾಗ ನನ್ನ ಹಾಳಿ ಕೊಟ್ಟೆ. ಗಜೇಂದ್ರಗಡದ ಹನ್ನೊಂದು ಅಕ್ಷರ, ಕೆಳಗ ಸಿಕ್ಕ ಪದಗಳು. ‘ಇದು ನೀ. ನಿಮ್ಮೂರಿನ ಹೆಸರಿನಾಗ ನೀ ಇದ್ದಿ’ ಅಂತ ತೋರಿಸಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದ. ‘ಏಳು’ ಅಂದ. ‘ಇದನ್ನ ಬರದಿದ್ರ ಏಳಕ್ಷರದ ದುಡ್ಡು ಬರ್ತಿತ್ತು.’

ಕ್ಲಾಸಿನಾಕಿಗೂ ಹೇಳಿದೆ. ‘ಮೊದಲೇ ಹೇಳಬೇಕಿಲ್ಲೇನೇ’ ಅಂತ ಬೈದ್ಲು. ಆಕಿ ತಪ್ಪೇನೂ ಇಲ್ಲ. ಆಕಿಗೆ ಆನಿ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಮಾಕ್ ಟೆಸ್ಟ್ ಅಂಕ ಕೇಳ್ತೀರಿ, ಗೊತ್ತು. ಇನ್ನೂ ಕಟ್‌ಆಫ್ ದಾಟಿಲ್ಲ. ಆದರೆ ನಾಲ್ಕಕ್ಷರದ ಪ್ರಶ್ನೆ ಬಂದರೆ ಈಗ ‘ಎರಡು’ ಅಂತ ಒತ್ತಿ ಓಡೂದಿಲ್ಲ. ಇನ್ನೊಂದ್ ಸಲ ನೋಡ್ತೀನಿ. ಕಾಣದ್ದು ಇಲ್ಲ ಅಂತಲ್ಲ.

ಈಗ ನಿಮ್ಮ ಪಾಳಿ. ನಿಮ್ಮೂರಿನ ಹೆಸರು ಇಂಗ್ಲಿಷಿನಾಗ ಬರೀರಿ, ಅದರೊಳಗ ಏನೇನ್ ಐತಿ ಹುಡುಕ್ರಿ, ಕಮೆಂಟಿನಾಗ ಹಾಕ್ರಿ. ನಿಮ್ಮೂರಾಗ ಇನ್ನೂ ಕೈಯಿಂದ ಬರೆದ ಬೋರ್ಡ್ ಉಳಿದಿದ್ದರೆ ಅದರ ಫೋಟೋನೂ ಕಳಿಸ್ರಿ. ತಪ್ಪಿದ್ದರೂ ಪರವಾಗಿಲ್ಲ. ಮೂಲ್ಯಾಗ ಆನಿ ಇದ್ದರೆ ಮಾತ್ರ ನನಗ ತಪ್ಪದ ತಿಳಸ್ರಿ, ಅಜ್ಜ ಇನ್ನೂ ಬ್ರಷ್ ಒಳಗ ಇಟ್ಟಿಲ್ಲ. 🐘

#ರೋಣ #ನರಗುಂದ #ಗಜೇಂದ್ರಗಡ #ಗದಗ #ಅಕ್ಷರದಾಟ